ಎರಡನೇ ಕೈ

"ಅದು ನನ್ನ ಪುಸ್ತಕ."

ಬಾಗಿಲಲ್ಲೇ ನಿಂತು ತೆಕ್ಲಾ ಹೇಳಿದಳು. ಗುಡ್ಡ ಹತ್ತಿ ಸೈಕಲ್ ತುಳಿದ ಏದುಸಿರು ಇನ್ನೂ ಆರಿರಲಿಲ್ಲ, ಹೆಗಲಿನ ಚೀಲವನ್ನೂ ಇಳಿಸಿರಲಿಲ್ಲ. ಅವಳ ಮೇಜಿನ ಮುಂದೆ, ಅವಳದೇ ಸ್ಟೂಲಿನ ಮೇಲೆ, ಯಾರೋ ಒಬ್ಬ ಉದ್ದನೆಯ ಮನುಷ್ಯ ಕೂತು ಅವಳ ಪ್ರಯೋಗದ ಪುಸ್ತಕ ಓದುತ್ತಿದ್ದ. ಅದೂ ಹೇಗೆ? ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಒಂದನೇ ತರಗತಿಯ ಮಕ್ಕಳ ಹಾಗೆ!

ಅವನು ತಲೆಯೆತ್ತಿದ. ಬೂದು ಕಣ್ಣು. ಗಾಳಿಗೆ ಕೆದರಿ ಹಾಗೆಯೇ ಉಳಿದುಬಿಟ್ಟ ಕೂದಲು.

"ಗೊತ್ತು," ಎಂದ. "ಹೆಸರು ನೋಡಿದೆ. ನಲವತ್ತೊಂದನೇ ಪುಟದ ಮೇಲೆ ಕಾಫಿ ಚೆಲ್ಲಿದ್ದೀರಿ."

ತೆಕ್ಲಾಳ ಕಿವಿ ಬಿಸಿಯಾಯಿತು. ಆ ಪುಸ್ತಕದಲ್ಲಿ ಅವಳ ಎರಡು ವರ್ಷ ಇತ್ತು. ಅಪ್ಪನಿಗೂ ಅವಳು ಅದನ್ನು ತೋರಿಸಿರಲಿಲ್ಲ. ಈ ಅಪರಿಚಿತನಿಗೆ ಕೊಟ್ಟವರು ಯಾರು?

"ಪ್ರೊಫೆಸರ್ ಎಸ್ಸೆರ್ ಕೊಟ್ಟರು," ಎಂದು ಅವನು ಎದ್ದು ನಿಂತ. "ನಾನು ಯೆಲ್ಟೊ ವಿಯಾರ್ಡ್ಸ್. ಮೂರನೇ ಮಹಡಿಗೆ ಹೊಸದಾಗಿ ಬಂದಿದ್ದೀನಿ. ನಿಮ್ಮ ಎರಡನೇ ಕೈ ನಾನೇ."

ತೆಕ್ಲಾಳ ಕೋಪ ಅರ್ಧ ದಾರಿಯಲ್ಲೇ ನಿಂತಿತು. ಈ ದಿನಕ್ಕಾಗಿ ಅವಳು ಚಳಿಗಾಲವೆಲ್ಲ ಕಾದಿದ್ದಳು. ಆದರೆ ಅದು ಹೀಗೆ, ತನ್ನ ಸ್ಟೂಲನ್ನೇ ಹಿಡಿದುಕೊಂಡು ಬರುತ್ತದೆ ಎಂದು ಅಂದುಕೊಂಡಿರಲಿಲ್ಲ.

ಎರಡನೇ ಕೈ ಎನ್ನುವುದು ನಮ್ಮ ಸಂಸ್ಥೆಯ ಹಳೆಯ ಪದ್ಧತಿ. ಇಲ್ಲಿಂದ ಯಾವ ಪ್ರಬಂಧವೂ ಬರೆದವರ ಮಾತೊಂದನ್ನೇ ನಂಬಿ ಹೊರಗೆ ಹೋಗುವುದಿಲ್ಲ. ಇನ್ನೊಬ್ಬರು ಪುಸ್ತಕದಲ್ಲಿ ಇರುವುದನ್ನಷ್ಟೇ ಓದಿಕೊಂಡು, ತಮ್ಮದೇ ಸಾಮಾನಿನಲ್ಲಿ, ಅದೇ ಪ್ರಯೋಗವನ್ನು ಮೂರು ಸಲ ಮಾಡಬೇಕು. ಆಮೇಲೆ ಒಂದು ಹಸಿರು ಹಾಳೆಯಲ್ಲಿ 'ಆಯಿತು' ಎಂದೋ 'ಆಗಲಿಲ್ಲ' ಎಂದೋ ಬರೆದು ಸಹಿ ಹಾಕಿ, ವಿಭಾಗದ ಮುಖ್ಯಸ್ಥೆ ಎಸ್ಸೆರ್ ಅವರಿಗೆ ಕೊಡಬೇಕು. ಅಲ್ಲಿಯವರೆಗೆ ಬರೆದವರೂ ಎರಡನೇ ಕೈಯೂ ಆ ಕೆಲಸದ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಹವಾಮಾನ, ಫುಟ್‌ಬಾಲ್, ಕ್ಯಾಂಟೀನಿನ ಬೇಯದ ಆಲೂಗಡ್ಡೆ, ಇವುಗಳ ಬಗ್ಗೆ ಎಷ್ಟಾದರೂ ಮಾತಾಡಬಹುದು.

ತೆಕ್ಲಾ ಕೊಸ್ಮಾಲಾಳ ಕೆಲಸ ಇಷ್ಟು. ಇರುವೆ ಕಚ್ಚಿದರೆ ಉರಿಯುತ್ತದಲ್ಲ, ಆ ಉರಿಯ ಆಸಿಡ್‌ನ ಒಳಗೆ ಹೈಡ್ರೋಜನ್ ಅಡಗಿದೆ. ಅದನ್ನು ಹೊರಗೆ ತೆಗೆದರೆ ಬಸ್ಸು ಓಡಿಸಬಹುದು, ಮನೆ ಬೆಚ್ಚಗಿಡಬಹುದು. ಹೊರಗೆ ತೆಗೆಯಲು ಒಂದು ವೇಗವರ್ಧಕ ಬೇಕು, ಅಂದರೆ ತಾನು ಸವೆಯದೆ ಬೇರೆಯವರಿಂದ ಬೇಗಬೇಗ ಕೆಲಸ ಮಾಡಿಸುವ ವಸ್ತು. ಅಂಥ ಮನುಷ್ಯರೂ ಇದ್ದಾರೆ, ನಮ್ಮಲ್ಲಿ ಅವರನ್ನು ನಿರ್ದೇಶಕರನ್ನಾಗಿ ಮಾಡುತ್ತೇವೆ. ಇಷ್ಟು ದಿನ ಈ ಕೆಲಸಕ್ಕೆ ಪಲ್ಲೇಡಿಯಮ್ ಎಂಬ ಬಲು ಅಪರೂಪದ ಲೋಹ ಬೇಕಿತ್ತು. ತೆಕ್ಲಾ ಅದನ್ನು ಬರೀ ಕಬ್ಬಿಣದಿಂದ ಮಾಡಿಸಿದ್ದಳು. ಬೆಂಕಿಯಿಲ್ಲದೆ, ಸಾಧಾರಣ ಕೋಣೆಯ ಬಿಸಿಯಲ್ಲಿ!

ಸೆಪ್ಟೆಂಬರಿಗೆ ಅವಳ ಕೆಲಸದ ಅವಧಿ ಮುಗಿಯುತ್ತಿತ್ತು. ಪ್ರಬಂಧ ಹೊರಗೆ ಹೋದರೆ ಅವಳಿಗೆ ಇಲ್ಲೇ ನಾಲ್ಕು ಕೋಣೆಗಳ ಲ್ಯಾಬು, ಸ್ವಂತ ತಂಡ. ಹೋಗದಿದ್ದರೆ ಪೆಟ್ಟಿಗೆ ಕಟ್ಟಿಕೊಂಡು ಹೊರಡಬೇಕು. ಅದೆಲ್ಲ ಈಗ ಈ ಕೆದರಿದ ಕೂದಲಿನವನ ಕೈಯಲ್ಲಿತ್ತು.

*

ಮಾರ್ಚ್ ಕೊನೆಗೆ ಅವರಿಬ್ಬರೂ ಕ್ಯಾಂಟೀನಿನಲ್ಲಿ ಒಂದೇ ಮೇಜಿಗೆ ಕೂರತೊಡಗಿದ್ದರು. ಬೇರೆ ಮೇಜು ಖಾಲಿ ಇರಲಿಲ್ಲ ಎಂದು ತೆಕ್ಲಾ ಹೇಳಿಕೊಳ್ಳುತ್ತಿದ್ದಳು. ಬೇರೆ ಮೇಜುಗಳೆಲ್ಲ ಖಾಲಿ ಇದ್ದವು.

ಯೆಲ್ಟೊ ಉತ್ತರದ ಕಡಲ ತೀರದವನು, ಎಮ್ಡೆನ್ ಎಂಬ ಬಂದರಿನ ಕಡೆಯವನು. ಅವನ ಅಮ್ಮ ದ್ವೀಪಕ್ಕೆ ಹೋಗುವ ದೋಣಿಯಲ್ಲಿ ಟಿಕೆಟ್ ಕೊಡುತ್ತಾಳೆ. ಆ ಕಡೆಯವರ ಹಾಗೆ ಅವನಿಗೂ ಚಹಾದ ಹುಚ್ಚು. ಬಟ್ಟಲಿಗೆ ಮೊದಲು ಕಲ್ಲುಸಕ್ಕರೆಯ ಒಂದು ತುಂಡು, ಅದು ಚಟಪಟ ಅನ್ನುವಂತೆ ಬಿಸಿ ಚಹಾ, ಮೇಲೆ ಒಂದು ಚಮಚ ಕೆನೆ. ಕಲಕುವುದು ಮಾತ್ರ ಇಲ್ಲ. ಹೀಗೂ ಚಹಾ ಕುಡಿಯುತ್ತಾರಾ ಎಂದು ತೆಕ್ಲಾ ಗೇಲಿ ಮಾಡಿದಾಗ ಅವನು ಬಹಳ ಗಂಭೀರವಾಗಿ ವಿವರಿಸಿದ. ಕಲಕಿದರೆ ಎಲ್ಲಾ ಒಂದೇ ರುಚಿಯಂತೆ. ಕಲಕದಿದ್ದರೆ ಮೊದಲು ಕೆನೆ, ಆಮೇಲೆ ಕಹಿ, ಕೊನೆಗೆ ಸಿಹಿ.

"ಕಹಿಯ ಹತ್ತಿರ ಬಂದಾಗ ಎದ್ದು ಹೋಗಬಾರದು, ಅಷ್ಟೇ," ಎಂದ.

ಕೆಲಸದ ಮಾತಿಗೆ ಬಾಗಿಲು ಹಾಕಿದ್ದರಿಂದಲೋ ಏನೋ, ಉಳಿದ ಮಾತುಗಳೆಲ್ಲ ಹೊರಗೆ ಬಂದವು. ಸಂಜೆ ಐದಕ್ಕೆ ಗುಡ್ಡ ಇಳಿದು ಇಬ್ಬರೂ ರೂರ್ ನದಿಯ ದಂಡೆಯಲ್ಲಿ ನಡೆಯುತ್ತಿದ್ದರು. ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಅಪ್ಪ, ಗಣಿ ಮುಚ್ಚಿದ ದಿನ ಊಟ ಬಿಟ್ಟು ಮಲಗಿದ್ದು, ಈಗ ರೈಲು ಹಳಿಯ ಪಕ್ಕದ ತುಂಡು ತೋಟದಲ್ಲಿ ಸ್ಟ್ರಾಬೆರಿಗಳ ಜೊತೆ ಜಗಳವಾಡುವುದು, ಎಲ್ಲವನ್ನೂ ತೆಕ್ಲಾ ಹೇಳಿದಳು. ಯಾರಿಗೂ ಹೇಳದ ಒಂದನ್ನೂ ಹೇಳಿದಳು. ತನ್ನ ಅಪ್ಪ ಕಲ್ಲಿದ್ದಲು ಕಳೆದುಕೊಂಡ ಊರಿನಲ್ಲೇ ತಾನು ಬೇರೊಂದು ಬೆಂಕಿ ಹುಡುಕಿಕೊಡಬೇಕು, ಬೇರೆ ಊರಿನಲ್ಲಲ್ಲ.

ಯೆಲ್ಟೊ ನಡಿಗೆ ನಿಧಾನ ಮಾಡಿದ, ಅವಳ ಹೆಜ್ಜೆಗೆ ಸರಿಯಾಗಿ.

ಅಣೆಕಟ್ಟಿನ ಹತ್ತಿರ ಒಂದು ದಿನ ಹೆಬ್ಬಾತುಗಳು ಮರಿಗಳ ಸಮೇತ ದಾರಿಗೆ ಅಡ್ಡ ನಿಂತವು. ಒಂದು ಗಂಡು ಹೆಬ್ಬಾತು ಕುತ್ತಿಗೆ ಚಾಚಿ ಬುಸುಗುಟ್ಟುತ್ತಾ ಬಂದಾಗ ತೆಕ್ಲಾ ಯೆಲ್ಟೊನ ತೋಳು ಹಿಡಿದಳು. ಹೆಬ್ಬಾತು ಹೋದ ಮೇಲೂ ಬಿಡಲಿಲ್ಲ. ಅಂದಿನಿಂದ ಅವರ ನಡುವೆ 'ನೀವು' ಹೋಗಿ 'ನೀನು' ಬಂತು.

'ಇವನು ನನ್ನ ಪುಸ್ತಕ ಓದುತ್ತಾನೆ. ನನ್ನ ಅಕ್ಷರದ ಮೇಲೆ ದಿನವೂ ಬೆರಳಿಡುತ್ತಾನೆ...' ಹಾಗೆ ಯೋಚಿಸಿ, ಸೈಕಲ್ ತುಳಿಯುತ್ತಲೇ ನಕ್ಕುಬಿಟ್ಟಳು ತೆಕ್ಲಾ. ದಾರಿಯಲ್ಲಿ ಹೋಗುತ್ತಿದ್ದ ಮುದುಕಿ ಒಬ್ಬಳು ತಿರುಗಿ ನೋಡಿದಳು.

*

ಆದರೆ ಏಪ್ರಿಲ್ ಮುಗಿದರೂ ಹಸಿರು ಹಾಳೆ ಬರಲಿಲ್ಲ.

ಮೂರು ಸಲ ಮಾಡಲು ಎರಡು ವಾರ ಸಾಕು. ಆರು ವಾರ ಆಗಿತ್ತು. ತೆಕ್ಲಾ ಕೇಳುವಂತಿರಲಿಲ್ಲ. ಯೆಲ್ಟೊನ ಮುಖ ಸಣ್ಣದಾಗಿತ್ತು, ನಡಿಗೆಯ ನಡುವೆ ಮಾತು ಮರೆಯುತ್ತಿದ್ದ, ಅವಳು ನಕ್ಕರೆ ಅವನು ನದಿಯ ಕಡೆ ನೋಡುತ್ತಿದ್ದ.

ಮೇ ತಿಂಗಳ ಎರಡನೇ ಭಾನುವಾರ ಅಪ್ಪನ ತೋಟಕ್ಕೆ ಊಟಕ್ಕೆ ಬಾ ಎಂದು ಕರೆದಿದ್ದಳು. ಬಿಳಿ ಶತಾವರಿ ದಂಟಿನ ಕಾಲ, ನಮ್ಮಲ್ಲಿ ವರ್ಷಕ್ಕೊಮ್ಮೆ ಸಿಗುವ ತರಕಾರಿ. ಅಪ್ಪ ಬೆಳಿಗ್ಗೆಯೇ ಎರಡು ಕಿಲೋ ತಂದು ಸಿಪ್ಪೆ ಹೆರೆದಿಟ್ಟಿದ್ದ, ಬೆಣ್ಣೆ ಕರಗಿಸಿದ್ದ, ಒಗೆದ ಶರ್ಟು ಹಾಕಿಕೊಂಡಿದ್ದ. ಹನ್ನೊಂದಕ್ಕೆ ಯೆಲ್ಟೊನ ಸಂದೇಶ ಬಂತು. ನೆಗಡಿಯಂತೆ, ಬರಲಾಗುವುದಿಲ್ಲವಂತೆ.

ಅಪ್ಪ ಮೂರನೇ ತಟ್ಟೆಯನ್ನು ಎತ್ತಿಟ್ಟ.

ಸೋಮವಾರ ಅವನಿಗೆ ನೆಗಡಿಯ ಸುಳಿವೂ ಇರಲಿಲ್ಲ. ತೆಕ್ಲಾ ಬಾಯಿಬಿಟ್ಟು ಕೇಳುವ ಮೊದಲೇ ಮರ್ಗ್ರೆಟ್ ವಿಷಯ ತಿಳಿಸಿದಳು. ಮರ್ಗ್ರೆಟ್ ಮೂವತ್ತೊಂದು ವರ್ಷದಿಂದ ನಮ್ಮ ಲ್ಯಾಬಿನ ಗಾಜು ಗೀಜು ಎಲ್ಲಾ ತೊಳೆದು ಕಾಪಾಡುವ ಹೆಂಗಸು. ಈ ಕಟ್ಟಡದಲ್ಲಿ ಅವಳಿಗೆ ತಿಳಿಯದೆ ಒಂದು ಬಲ್ಬೂ ಕೆಡುವುದಿಲ್ಲ.

"ನಿನ್ನ ಉದ್ದನೆಯವನು ನಿನ್ನೆ ಇಡೀ ದಿನ ಮೇಲೆ ಇದ್ದ ಕಣೇ," ಎಂದಳು. "ಭಾನುವಾರಾನೂ ಬಿಡಲ್ವಲ್ಲ ಈ ಮನುಷ್ಯ. ಮನೇಲಿ ಯಾರೂ ಕಾಯಲ್ವೇನೋ ಪಾಪ."

ಕಾಯುವವರು ಇದ್ದರು. ಒಗೆದ ಶರ್ಟು ಹಾಕಿಕೊಂಡು ಕಾದಿದ್ದರು. ಹಾಗಾದರೆ ಅವನು ಹೇಳಿದ್ದು ಸುಳ್ಳು... ಸುಳ್ಳು ಹೇಳಿದ್ದಕ್ಕಿಂತ, ಅಷ್ಟು ಸುಲಭವಾಗಿ ತಾನು ನಂಬಿದ್ದೇ ತೆಕ್ಲಾಳನ್ನು ಹೆಚ್ಚು ನೋಯಿಸಿತು.

ಗುರುವಾರ ಬೆಳಿಗ್ಗೆ ಅವಳು ಡ್ರಾಯರ್ ಎಳೆದಳು. ಅದರಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ, ಡಬ್ಬಿಯಲ್ಲಿ ಅವಳ ಕಲಕುವ ಮಣಿಗಳು ಇರುತ್ತಿದ್ದವು. ಹುಣಸೆಬೀಜದಷ್ಟು ಗಾತ್ರದ ಅಯಸ್ಕಾಂತದ ತುಂಡುಗಳು, ಮೇಲೆ ಬಿಳಿ ಹೊದಿಕೆ. ಫ್ಲಾಸ್ಕಿನ ತಳದಲ್ಲಿ ಗಿರಗಿರ ತಿರುಗಿ ಒಳಗಿನ ದ್ರವವನ್ನು ಕಲಕುತ್ತವೆ. ಅಂದು ಡಬ್ಬಿ ಖಾಲಿ ಇತ್ತು.

ಏಕೆ ಎಂದು ಗೊತ್ತಿಲ್ಲದೆಯೇ ಅವಳು ಮೂರನೇ ಮಹಡಿಗೆ ಓಡಿದಳು.

ಯೆಲ್ಟೊನ ಮೇಜಿನ ಮೇಲೆ ಅವಳ ಹನ್ನೆರಡು ಮಣಿಗಳು ಸಾಲಾಗಿ ಇದ್ದವು, ಪ್ರತಿಯೊಂದರ ಕೆಳಗೆ ಒಂದು ಸಂಖ್ಯೆ. ಒಂದನ್ನು ಬ್ಲೇಡಿನಿಂದ ಎರಡು ಹೋಳು ಮಾಡಿದ್ದ. ಬ್ಲೇಡು ಇನ್ನೂ ಅವನ ಕೈಯಲ್ಲೇ ಇತ್ತು.

"ನನ್ನ ಡ್ರಾಯರ್‌ನಿಂದ ತಗೊಂಡೆಯಾ?"

"ಎಸ್ಸೆರ್ ಅವರನ್ನ ಕೇಳಿಯೇ ತಗೊಂಡೆ."

"ನನ್ನ ಕೇಳಲಿಲ್ಲ."

"ಕೇಳುವ ಹಾಗಿರಲಿಲ್ಲ ತೆಕ್ಲಾ. ನಿನಗೇ ಗೊತ್ತು."

ಅವಳು ಹೋಳಾದ ಮಣಿಯನ್ನು ನೋಡಿದಳು. ತನ್ನ ಸಾಮಾನನ್ನು ಒಂದೊಂದಾಗಿ ಹಾಳುಮಾಡುತ್ತಿದ್ದಾನೆ. ಆಮೇಲೆ 'ಆಗಲಿಲ್ಲ' ಎಂದು ಬರೆಯುತ್ತಾನೆ. ಆಮೇಲೆ ತಾನು ಇನ್ನೊಮ್ಮೆ ಮಾಡಿ ತೋರಿಸುವುದಾದರೂ ಯಾವುದರಲ್ಲಿ? ನಾಲ್ಕು ಕೋಣೆ ಬೇಕಾಗಿರುವುದು ತನಗೊಬ್ಬಳಿಗೇ ಅಲ್ಲವಲ್ಲ, ಇವನೂ ಹೊಸಬ, ಇವನಿಗೂ ಜಾಗ ಬೇಕು...

"ನದೀ ದಂಡೆಯಲ್ಲಿ ಅಷ್ಟು ದಿನ ನಡೆದದ್ದು ಇದಕ್ಕೇನಾ?" ಎಂದಳು. "ನನ್ನ ಮಾತೆಲ್ಲಾ ಕೇಳಿಸ್ಕೊಂಡೆ. ನಮ್ಮಪ್ಪನ ವಿಷಯ ಕೇಳಿಸ್ಕೊಂಡೆ. ಇದಕ್ಕಾ?"

ಯೆಲ್ಟೊ ಬಿಳಿಚಿಕೊಂಡ. ಬ್ಲೇಡನ್ನು ಮೆಲ್ಲಗೆ ಕೆಳಗಿಟ್ಟ.

"ನಾಳೆ ಹಾಳೆ ಕೊಡ್ತೀನಿ," ಎಂದಷ್ಟೇ ಹೇಳಿದ. "ಅಲ್ಲೀವರೆಗೆ ನಾನು ಏನೂ ಹೇಳೋ ಹಾಗಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಪದ್ಧತಿಯನ್ನು ಗಾಳಿಗೆ ತೂರಿ ಅವಳ ಕೈ ಹಿಡಿದು ಎಲ್ಲ ಹೇಳಿಬಿಡುತ್ತಿದ್ದರು. ಯೆಲ್ಟೊ ಅಂಥವನಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದು ತನ್ನ ಹೊಟ್ಟೆಯನ್ನೇ ಸುಟ್ಟುಕೊಳ್ಳುವ ಜಾತಿ. ಅಂಥವರ ಜೊತೆ ಬಾಳುವುದು ಕಷ್ಟ, ಅವರಿಲ್ಲದೆ ವಿಜ್ಞಾನ ನಡೆಯುವುದೂ ಕಷ್ಟ. ತೆಕ್ಲಾಗೆ ಆಗ ಇದ್ಯಾವುದೂ ಹೊಳೆಯಲಿಲ್ಲ. ಅವಳು ಬಾಗಿಲು ಎಳೆದುಕೊಂಡು ಹೋದಳು.

*

ಶುಕ್ರವಾರ ಪ್ರೊಫೆಸರ್ ಹಿಲ್ಟ್ರುಡ್ ಎಸ್ಸೆರ್ ಅವಳನ್ನು ಕರೆದು ಹಸಿರು ಹಾಳೆಯನ್ನು ಮುಂದಿಟ್ಟರು.

'ಆಗಲಿಲ್ಲ.'

ಕಾರಣ ಬರೆಯುವ ಜಾಗದಲ್ಲಿ ಒಂದೇ ಸಾಲು: 'ಬರೆದವರೇ ನೋಡಿ ಹೇಳಲಿ.'

ಎಸ್ಸೆರ್ ಹೆಚ್ಚು ಮಾತಿನವರಲ್ಲ. ಉತ್ತರ ಕೊಡಲು ಒಂದು ವಾರವಿದೆ ಎಂದರು. ಪದ್ಧತಿಯಂತೆ ಇನ್ನು ಅವನ ಪುಸ್ತಕವೂ ಅವಳದು ಎಂದು ಒಂದು ನೀಲಿ ಪುಸ್ತಕ ಕೊಟ್ಟರು, ಜೊತೆಗೆ ಮಣಿಗಳಿದ್ದ ಲಕೋಟೆ. ಅವಳು ಬಾಗಿಲಿನ ಹತ್ತಿರ ಹೋದಾಗ ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು.

"ಅವರು 'ಆಯಿತು' ಅಂತಾನೂ ಬರೀಬಹುದಿತ್ತು ತೆಕ್ಲಾ. ಬರೆದಿದ್ದರೆ ನನಗೆ ಗೊತ್ತಾಗ್ತಾನೂ ಇರಲಿಲ್ಲ. ಅದೊಂದು ನೆನಪಿರಲಿ."

ತೆಕ್ಲಾಗೆ ಅರ್ಥವಾಗಲಿಲ್ಲ. ನೀಲಿ ಪುಸ್ತಕವನ್ನು ತೆರೆಯದೆಯೇ ಡ್ರಾಯರಿಗೆ ತುರುಕಿದಳು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಅವಳು ಲ್ಯಾಬಿನಲ್ಲಿದ್ದಳು. ಫ್ಲಾಸ್ಕಿಗೆ ಆಸಿಡ್ ಸುರಿದಳು, ತನ್ನ ಕಬ್ಬಿಣದ ಕಪ್ಪು ಪುಡಿ ಹಾಕಿದಳು, ಲಕೋಟೆಯಿಂದ ಒಂದು ಮಣಿ ತೆಗೆದು ಬಿಟ್ಟಳು. ಮಣಿ ತಿರುಗಿತು. ಹತ್ತು ನಿಮಿಷಕ್ಕೆ ಗುಳ್ಳೆಗಳು ಎದ್ದವು, ಸಾಲು ಸಾಲಾಗಿ, ಎಂದಿನಂತೆ.

"ನೋಡು!" ಎಂದಳು ಖಾಲಿ ಕೋಣೆಗೆ. ಕಣ್ಣಲ್ಲಿ ನೀರು ಬಂದಿತ್ತು. ಆಗುತ್ತದೆ. ಅವನೇ ಸುಳ್ಳುಗಾರ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಹಾಳೆಯ ಮೇಲೆ ಉತ್ತರ ಬರೆದು ಮನೆಗೆ ಹೋಗಬಹುದಿತ್ತು. ಆದರೆ ಆ ಹೋಳಾದ ಮಣಿ ಲಕೋಟೆಯೊಳಗಿಂದ ಅವಳ ಅಂಗೈಗೆ ಬಿತ್ತು. ಬಿಳಿ ಹೊದಿಕೆಯ ತುಂಬ ಹಳೆಯ ಗೀರುಗಳು. ಕೊಯ್ದ ಕಡೆ ನೋಡಿದರೆ ಗೀರಿನ ಆಳದಲ್ಲಿ ಬೂದು ಬಣ್ಣದ ಸಣ್ಣ ಗೆರೆ, ಪೆನ್ಸಿಲಿನಿಂದ ಎಳೆದ ಹಾಗೆ.

ತೆಕ್ಲಾ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಎದ್ದು ಹೋಗಿ ಬೀರುವಿನಿಂದ ಮಣಿಗಳ ಹೊಸ ಪೊಟ್ಟಣವನ್ನು ತೆಗೆದು ಒಡೆದಳು.

ಅದೇ ಆಸಿಡ್, ಅದೇ ಕಬ್ಬಿಣ, ಹೊಸ ಮಣಿ. ಹತ್ತು ನಿಮಿಷ. ಅರ್ಧ ಗಂಟೆ. ಒಂದು ಗಂಟೆ. ದ್ರವ ತಿರುಗುತ್ತಿತ್ತು, ಅಷ್ಟೇ. ಒಂದು ಗುಳ್ಳೆಯೂ ಇಲ್ಲ.

ಇನ್ನೊಂದು ಪರೀಕ್ಷೆ ಉಳಿದಿತ್ತು, ಮಾಡುವುದು ಬೇಡ ಎಂದು ಮನಸ್ಸು ಕೂಗಿಕೊಳ್ಳುತ್ತಿತ್ತು. ಮೂರನೇ ಫ್ಲಾಸ್ಕಿಗೆ ಆಸಿಡ್ ಸುರಿದು, ಕಬ್ಬಿಣ ಹಾಕದೆಯೇ, ಹಳೆಯ ಮಣಿಯೊಂದನ್ನು ಬಿಟ್ಟಳು.

ಗುಳ್ಳೆಗಳು ಎದ್ದವು. ಸಾಲು ಸಾಲಾಗಿ, ಎಂದಿನಂತೆ.

ಎರಡು ವರ್ಷ... ಎರಡು ವರ್ಷ ಅವಳ ಕಬ್ಬಿಣ ಏನೂ ಮಾಡಿರಲಿಲ್ಲ. ಮಾಡಿದ್ದೆಲ್ಲ ಮಣಿಯ ಗೀರಿನಲ್ಲಿ ಅಡಗಿ ಕೂತ ಪಲ್ಲೇಡಿಯಮ್. ಕಬ್ಬಿಣವಿಲ್ಲದೆ ಅವಳು ಹಿಂದೆಯೂ ಒಮ್ಮೆ ಮಾಡಿ ನೋಡಿದ್ದಳು, ಮಾಡದೆ ಬಿಡುವಷ್ಟು ಎಳಸು ಅವಳಲ್ಲ. ಆದರೆ ಅಂದು ಡಬ್ಬಿಯ ಮಣಿಗಳೆಲ್ಲ ತೊಳೆಯಲು ಹೋಗಿದ್ದವು. ಒಂದು ದಿನದ ಮಟ್ಟಿಗೆ ಎಂದು ಹೊಸ ಮಣಿ ಬಳಸಿದ್ದಳು. ಗುಳ್ಳೆ ಬಂದಿರಲಿಲ್ಲ, ಕೆಲಸವೆಲ್ಲ ಕಬ್ಬಿಣದ್ದೇ ಎಂದು ಎಷ್ಟು ಸಂತೋಷಪಟ್ಟಿದ್ದಳು!

ಮಣಿಗಳು ಎಲ್ಲಿಂದ ಬಂದವು ಎನ್ನುವುದೂ ಅವಳಿಗೆ ಗೊತ್ತಿತ್ತು. ಕೆಳಮಹಡಿಯ ಪಲ್ಲೇಡಿಯಮ್ ತಂಡ ಮುಚ್ಚಿದಾಗ ಮರ್ಗ್ರೆಟ್ ಎತ್ತಿಟ್ಟುಕೊಂಡಿದ್ದವು. ನಮ್ಮ ಕಡೆಯವರಿಗೆ ಏನನ್ನೂ ಎಸೆಯಲು ಕೈ ಬರುವುದಿಲ್ಲ. ಚೆನ್ನಾಗಿರುವುದನ್ನು ಎಸೆದರೆ ಪಾಪ ಎಂದುಕೊಂಡು ಬೆಳೆದವರು. ಮರ್ಗ್ರೆಟ್ ಪ್ರತಿ ವಾರ ಅವನ್ನು ಆಸಿಡ್‌ನಲ್ಲಿ ತೊಳೆದು, ಒರೆಸಿ, ಹೊಸದರ ಹಾಗೆ ಫಳಫಳ ಮಾಡಿ ಕೊಡುತ್ತಿದ್ದಳು. ಗೀರಿನ ಆಳಕ್ಕೆ ಇಳಿದದ್ದು ಯಾವ ಆಸಿಡ್‌ಗೂ ಬಿಟ್ಟಿರಲಿಲ್ಲ.

ತೆಕ್ಲಾ ಸ್ಟೂಲಿನ ಮೇಲೆ ಕುಸಿದಳು. ಅಳು ಬರಲಿಲ್ಲ. ಕೊನೆಗೆ ಕೈಗೆ ಕೆಲಸ ಬೇಕೆಂದೋ ಏನೋ, ಡ್ರಾಯರಿನಿಂದ ನೀಲಿ ಪುಸ್ತಕ ತೆಗೆದಳು.

ಮೊದಲನೆಯ ಸಲ: ಆಗಲಿಲ್ಲ. ಎರಡನೆಯದು: ಆಗಲಿಲ್ಲ. ಮೂರನೆಯದು: ಆಗಲಿಲ್ಲ. ದಿನಾಂಕ ಏಪ್ರಿಲ್ ಒಂಬತ್ತು. ಅಂದೇ ಅವನು ಹಾಳೆ ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು.

ಪುಟ ತಿರುವಿದಳು. ನಾಲ್ಕನೆಯ ಸಲ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, 'ನನ್ನ ನೀರು ಸರಿಯಿಲ್ಲವೇನೋ. ಬದಲಿಸಿ ನೋಡಬೇಕು.' ಆರನೆಯದು, 'ತೂಗುವಾಗ ನನ್ನಿಂದಲೇ ತಪ್ಪಾಗಿರಬೇಕು.' ಒಂಬತ್ತು, 'ಅವಳು ಇಷ್ಟು ಅಚ್ಚುಕಟ್ಟಾಗಿ ಬರೆದಿದ್ದಾಳೆ. ತಪ್ಪು ನನ್ನದೇ.' ಹದಿಮೂರನೆಯ ಸಲ ಆ ಭಾನುವಾರದ್ದು. 'ಅವಳ ಅಪ್ಪನ ಎದುರು ಕೂತು ಏನೂ ಗೊತ್ತಿಲ್ಲದವನ ಹಾಗೆ ಉಣ್ಣಲಾರೆ. ಇವತ್ತು ಆಗಿಬಿಡಲಿ.' ಕೆಳಗೆ: ಆಗಲಿಲ್ಲ.

ಹದಿನೆಂಟರವರೆಗೂ ಹಾಗೆಯೇ. ಹತ್ತೊಂಬತ್ತನೆಯದರಲ್ಲಿ ಅವಳ ಮಣಿ. 'ಆಯಿತು,' ಎಂದು ಬರೆದಿತ್ತು. ಅದರ ಮುಂದೆ ಏನೂ ಇರಲಿಲ್ಲ. ಹಿಂದೆಂದೂ ಇಲ್ಲದ ಹಾಗೆ ಅಕ್ಷರ ಸೊಟ್ಟಗಾಗಿತ್ತು.

ಆಗ ತೆಕ್ಲಾ ಅತ್ತಳು. ಕಬ್ಬಿಣಕ್ಕಾಗಿ ಅಲ್ಲ.

*

ಸೋಮವಾರ ಹತ್ತು ಗಂಟೆಗೆ ನಮ್ಮಲ್ಲಿ ಎಲ್ಲರೂ ಕಾಫಿಗೆ ಸೇರುತ್ತೇವೆ. ಯಾರಿಗಾದರೂ ಹೇಳುವುದಿದ್ದರೆ ಎದ್ದು ನಿಂತು ಹೇಳುತ್ತಾರೆ. ಹೆಚ್ಚಾಗಿ ಹೊಸ ಯಂತ್ರದ ವಿಷಯ, ಇಲ್ಲವೇ ಯಾರದೋ ಹುಟ್ಟುಹಬ್ಬದ ಕೇಕಿನ ವಿಷಯ.

ಆ ಸೋಮವಾರ ತೆಕ್ಲಾ ಎದ್ದು ನಿಂತಳು. ನಲವತ್ತು ಜನ ಇದ್ದರು. ಯೆಲ್ಟೊ ಇರಲಿಲ್ಲ.

ತನ್ನ ಕಬ್ಬಿಣ ಏನೂ ಮಾಡುವುದಿಲ್ಲ ಎಂದು ಹೇಳಿದಳು. ಮೂರು ಫ್ಲಾಸ್ಕುಗಳ ವಿಷಯ ಹೇಳಿದಳು, ಮಣಿಯ ಗೀರಿನ ವಿಷಯ ಹೇಳಿದಳು. "ಡಬ್ಬಿ ನನ್ನದು, ಅದರೊಳಗೆ ಏನಿದೆ ಅಂತ ನೋಡಬೇಕಾಗಿದ್ದವಳು ನಾನು," ಎಂದಳು. ಮರ್ಗ್ರೆಟ್‌ಳ ಹೆಸರು ಎತ್ತಲಿಲ್ಲ. ಹಿಂದಿನ ಸಾಲಿನಲ್ಲಿ ಮರ್ಗ್ರೆಟ್ ಏಪ್ರನ್ನಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಹೇಳಿ ತೆಕ್ಲಾ ಕೂತಳು.

ಆಮೇಲೆ ಎಸ್ಸೆರ್ ಮುಷ್ಟಿ ಮಡಿಸಿ ಬೆರಳಿನ ಗೆಣ್ಣಿನಿಂದ ಮೇಜಿನ ಮೇಲೆ ಕುಟ್ಟಿದರು. ಒಳ್ಳೆಯ ಉಪನ್ಯಾಸ ಮುಗಿದಾಗ ನಾವು ಚಪ್ಪಾಳೆ ತಟ್ಟುವುದಿಲ್ಲ, ಹೀಗೆ ಕುಟ್ಟುತ್ತೇವೆ. ಪಕ್ಕದವರು ಕುಟ್ಟಿದರು. ಅವರ ಪಕ್ಕದವರು ಕುಟ್ಟಿದರು. ಕಾಫಿ ಬಟ್ಟಲುಗಳು ತಟ್ಟೆಯ ಮೇಲೆ ಕುಣಿಯುವವರೆಗೂ ನಲವತ್ತು ಜನ ಮೇಜು ಕುಟ್ಟಿದರು. ಸಂಸ್ಥೆಯ ಅತಿ ದೊಡ್ಡ ಗೆಲುವಿಗೂ ಅಷ್ಟು ಸದ್ದು ಆಗಿದ್ದು ನನಗೆ ನೆನಪಿಲ್ಲ.

ನಾಲ್ಕು ಕೋಣೆ ಮಾತ್ರ ಕೈ ತಪ್ಪಿತು. ಎಸ್ಸೆರ್ ಅದನ್ನು ಸುತ್ತಿ ಬಳಸದೆ ಹೇಳಿದರು. ಆದರೆ ಡಿಸೆಂಬರಿನವರೆಗೆ ಅವಳನ್ನು ಉಳಿಸಿಕೊಳ್ಳಬಲ್ಲರು. ಮಣಿಗಳ ಬಗ್ಗೆಯೇ ಬರೆಯಲಿ. ಜಗತ್ತಿನ ಎಷ್ಟು ಲ್ಯಾಬುಗಳಲ್ಲಿ ಎಷ್ಟು ಹಳೆಯ ಡಬ್ಬಿಗಳಿವೆಯೋ, ಎಷ್ಟು ಜನ ಇನ್ನೂ ಸಂತೋಷಪಡುತ್ತಿದ್ದಾರೋ. ಡಿಸೆಂಬರಿನ ಆಚೆಗೆ ತಮ್ಮಿಂದ ಮಾತು ಕೊಡಲಾಗದು ಎಂದರು.

ಮೆಟ್ಟಿಲಲ್ಲಿ ಮರ್ಗ್ರೆಟ್ ಅವಳನ್ನು ತಡೆದಳು. ಮೂಗು ಕೆಂಪಗಾಗಿತ್ತು.

"ಎಷ್ಟು ಚೆನ್ನಾಗಿ ತೊಳೀತಿದ್ದೆ ಕಣೇ..."

ತೆಕ್ಲಾ ಅವಳನ್ನು ತಬ್ಬಿಕೊಂಡಳು. ಆಮೇಲೆ ಅವನು ಎಲ್ಲಿ ಎಂದು ಕೇಳಿದಳು.

"ಅಣೆಕಟ್ಟಿನ ಹತ್ತಿರ ಇರ್ತಾನೆ. ನಿನಗೆ ಮುಖ ತೋರಿಸೋ ಧೈರ್ಯ ಇಲ್ಲ ಅಂತಿದ್ದ. ಆರೂಕಾಲಡಿ ಎತ್ತರ ಇದ್ದು ಏನು ಪ್ರಯೋಜನ ಹೇಳು."

*

ಯೆಲ್ಟೊ ಬೆಂಚಿನ ಒಂದು ತುದಿಯಲ್ಲಿ ಕೂತಿದ್ದ. ಅವಳನ್ನು ಕಂಡು ಎದ್ದ, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತ. ತೆಕ್ಲಾ ಬಂದು ಪಕ್ಕದಲ್ಲಿ ಕೂತಳು. ಎದುರಿಗೆ ನೀರು ಕಟ್ಟೆಯ ಮೇಲಿಂದ ಬೀಳುತ್ತಿತ್ತು.

"ಎಲ್ಲರ ಮುಂದೆ ಹೇಳಿದೆ," ಎಂದಳು.

"ಮರ್ಗ್ರೆಟ್ ಫೋನ್ ಮಾಡಿದ್ರು. ಮೇಜು ಕುಟ್ಟಿದ ಸದ್ದೂ ಕೇಳಿಸಿದ್ರು."

"ಕಾರಣ ನೀನೇ ಯಾಕೆ ಬರೀಲಿಲ್ಲ? ಗೊತ್ತಿತ್ತಲ್ಲ ನಿನಗೆ."

ಅವನು ಅಂಗೈಗಳನ್ನು ನೋಡಿಕೊಂಡ. "ನಾನು ಬರೆದಿದ್ರೆ ನಿನ್ನ ತಪ್ಪನ್ನ ನಾನು ಕಂಡುಹಿಡಿದ ಹಾಗಾಗ್ತಿತ್ತು. ನೀನೇ ಕಂಡುಹಿಡಿದ್ರೆ ಅದು ನಿನ್ನ ಕೆಲಸ. ನೀನು ನೋಡೇ ನೋಡ್ತೀಯ ಅಂತ ಗೊತ್ತಿತ್ತು... ಕೋಪಕ್ಕಾದರೂ."

'ಇಷ್ಟು ನಂಬಿದ್ದನೇ ನನ್ನನ್ನು? ನಾನು ಒಂದು ಬ್ಲೇಡು ನೋಡಿ ಇವನನ್ನು ಕಳ್ಳನನ್ನಾಗಿ ಮಾಡಿದೆನಲ್ಲ...' ತೆಕ್ಲಾ ತಲೆ ತಗ್ಗಿಸಿದಳು.

"ಅವತ್ತು ಆಡಿದ ಮಾತಿಗೆ ಕ್ಷಮಿಸು ಅಂತ ಹೇಗೆ ಕೇಳಲಿ, ಗೊತ್ತಾಗ್ತಿಲ್ಲ."

"ನೆಗಡಿ ಅಂತ ಸುಳ್ಳು ಹೇಳಿದ್ದೆ. ಸಮ ಆಯ್ತು ಅಂದ್ಕೋ."

"ಮೂರು ಸಲ ಮಾಡಿದ್ರೆ ಸಾಕಿತ್ತು ಯೆಲ್ಟೊ."

"ಹೌದು."

"ಹತ್ತೊಂಬತ್ತು ಸಲ ಯಾಕೆ ಮಾಡಿದೆ?"

ಅವನು ನದಿಯ ಕಡೆ ನೋಡುತ್ತಾ ಮೆಲ್ಲಗೆ ಹೇಳಿದ.

"ಆಗಲಿ ಅಂತ. ಪ್ರತಿ ಸಲಾನೂ, ದೇವರೇ ನನ್ನ ಕೈಯಲ್ಲೇ ತಪ್ಪಿರಲಿ ಅಂತ ಬೇಡ್ಕೊಂಡೆ. ನಾನು ದಡ್ಡ ಅಂತ ಗೊತ್ತಾದ್ರೆ ನನಗೇನೂ ಬೇಜಾರಿರಲಿಲ್ಲ. ನಿನ್ನ ನಾಲ್ಕು ಕೋಣೆ ನನ್ನಿಂದ ಹೋಗಬಾರದಿತ್ತು. ಆಮೇಲೆ ನಿನ್ನ ಮಣಿ ಹಾಕಿದೆ, ಗುಳ್ಳೆ ಬಂತು. ಪುಸ್ತಕದಲ್ಲಿ ಯಾವ ಮಣಿ ಅಂತ ಬರೆದಿಲ್ಲವಲ್ಲ, 'ಆಯಿತು' ಅಂತ ಬರೆದುಬಿಡೋಣ ಅನ್ನಿಸ್ತು. ಒಂದು ಇಡೀ ದಿನ ಹಾಗೇ ಅನ್ನಿಸ್ತಿತ್ತು."

"ಯಾಕೆ ಬರೀಲಿಲ್ಲ?"

"ಮುಂದೆ ಯಾವತ್ತೋ ಬೇರೆ ಯಾರೋ ನೋಡಿ ನಿನ್ನ ಹೆಸರು ಹಾಳು ಮಾಡ್ತಿದ್ರು. ಅವರಿಗೆ ನೀನು ಯಾರು ಅಂತ ಗೊತ್ತಿರ್ತಿರಲಿಲ್ಲ." ಅವನು ಮೊದಲ ಬಾರಿಗೆ ಅವಳತ್ತ ತಿರುಗಿದ. "ನನಗೆ ಗೊತ್ತಿತ್ತು. ನಿನ್ನನ್ನ ಪ್ರೀತಿಸ್ತೀನಿ ತೆಕ್ಲಾ. ಸುಳ್ಳು ಬರೆದುಕೊಟ್ಟು ಪ್ರೀತಿಸೋಕೆ ಆಗಲಿಲ್ಲ."

ತೆಕ್ಲಾ ಅವನ ಕೈಯನ್ನು ಎತ್ತಿ ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು. ಆಸಿಡ್ ತಾಗಿ ಒರಟಾದ ಬೆರಳುಗಳು. ತನಗಾಗಿ ಹದಿನೆಂಟು ಸಲ ಸೋತ ಬೆರಳುಗಳು. ಅವನ್ನು ಕೆನ್ನೆಗೆ ಒತ್ತಿಕೊಂಡು, ತನಗೂ ಅವನೆಂದರೆ ಪ್ರೀತಿ ಎಂದು ಹೇಳಿದಳು. ಯಾವಾಗಿನಿಂದ ಎಂದು ಅವನು ಕೇಳಿದ. ಸ್ಟೂಲು ಕದ್ದ ದಿನದಿಂದ ಇರಬೇಕು, ಆದರೆ ಅಂದು ಅದು ಸಿಟ್ಟಿನ ಹಾಗೆ ಕಾಣುತ್ತಿತ್ತು ಎಂದಳು.

ಆಮೇಲೆ ಡಿಸೆಂಬರಿನ ವಿಷಯ ಬಂತು. ಇರುವ ಏಳು ತಿಂಗಳಲ್ಲಿ ಮಣಿಗಳ ಬಗ್ಗೆ ಬರೆಯಬೇಕು, ಈ ಸಲ ಡಬ್ಬಿ, ಪೊಟ್ಟಣ, ಗೀರು ಒಂದನ್ನೂ ಬಿಡದೆ. ಅದು ಸರಿಯಾಗಿ ಬಂದರೆ ಮುಂದೆ ಯಾರಾದರೂ ಕರೆದಾರು, ಕರೆಯದಿದ್ದರೆ ಆಗ ನೋಡಿಕೊಳ್ಳೋಣ ಎಂದಳು. ಹೆದರಿಕೆ ಇತ್ತು, ಆದರೆ ಒಂದು ವಾರದ ಹಿಂದಿನ ಹೆದರಿಕೆಯಂತೆ ಒಂಟಿಯಾಗಿರಲಿಲ್ಲ.

"ಅದಕ್ಕೂ ನೀನೇ ಎರಡನೇ ಕೈ ಆಗು," ಎಂದಳು. "ನಿನ್ನಷ್ಟು ಹಟ ಹಿಡಿದು ಯಾರೂ ಮಾಡಲ್ಲ."

ಯೆಲ್ಟೊ ತಲೆಯಾಡಿಸಿದ. "ನಾನು ಆಗೋ ಹಾಗಿಲ್ಲ."

"ಯಾಕೆ?"

"ನಿಯಮ ಓದಿಲ್ವಾ? ಒಂದೇ ಮನೆಯಲ್ಲಿ ವಾಸ ಮಾಡೋರು ಒಬ್ಬರಿಗೊಬ್ಬರು ಎರಡನೇ ಕೈ ಆಗಬಾರದು ಅಂತ ಇದೆ."

ತೆಕ್ಲಾ ಅವನ ಮುಖ ನೋಡಿದಳು. ಕಿವಿಯವರೆಗೂ ಕೆಂಪಾಗಿದ್ದ.

"ನಾವು ಒಂದೇ ಮನೆಯಲ್ಲಿ ಇಲ್ಲವಲ್ಲ ಯೆಲ್ಟೊ."

"ಇಲ್ಲ," ಎಂದ ಅವನು. "ಈಗ ಇಲ್ಲ."

ನೀರು ಬೀಳುತ್ತಲೇ ಇತ್ತು. ತೆಕ್ಲಾ ಅವನ ಹೆಗಲಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದಳು.

"ಹಾಗಾದ್ರೆ ಎರಡನೇ ಕೈಗೆ ಬೇರೆ ಯಾರನ್ನಾದರೂ ಹುಡುಕ್ತೀನಿ ಬಿಡು."